ಟವರ್ ಇಲ್ಲದೆ ದಾಟುವ ಮಾತು

ಇಂಟರ್ನೆಟ್ಟಿಗೆ ಪರ್ಯಾಯವೆಂದರೆ ಜಗತ್ತನ್ನೆಲ್ಲ ಬೆಸೆಯುವ ಇನ್ನೊಂದು ಜಾಲ ಎಂದುಕೊಂಡವರಿಗೆ ಕರ್ನಾಟಕದ ಪ್ರಯೋಗಗಳು ಸಪ್ಪೆ ಅನ್ನಿಸಬಹುದು. ಒಂದು ಬಸ್ಸು, ಒಂದು ಕೇಬಲ್, ಬೆಟ್ಟದ ಬುಡದ ಕೆಲವು ಮನೆಗಳು, ಅಷ್ಟೇ. ಆದರೆ ಊರ ಮಾತು ಊರೊಳಗೆ ಓಡಾಡಲು ಎಲ್ಲಿಯದೋ ಸರ್ವರ್ ಯಾಕೆ ಬೇಕು ಎಂದು ಕೇಳಿದ್ದು ಇಂಥ ಪ್ರಯೋಗಗಳೇ.

ಈ ಯೋಚನೆಯ ಬೇರು ಹಳೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯ 'ಅಲೋಹಾನೆಟ್' ಮೂಲಕ ದ್ವೀಪಗಳ ನಡುವೆ ರೇಡಿಯೋದಲ್ಲೇ ಕಂಪ್ಯೂಟರ್ ದತ್ತಾಂಶ ಕಳಿಸಿತು. ಅದೇ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧಕರು ಒಂದು ರೇಡಿಯೋ ಇನ್ನೊಂದರ ಸಂದೇಶವನ್ನು ಮುಂದಕ್ಕೆ ಸಾಗಿಸುವಂತೆ ಮಾಡಿದರು. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ದಾಟುತ್ತದಲ್ಲ, 'ಮೆಶ್' ಎಂದು ಕರೆಯುವ ಈ ಜಾಲವೂ ಹಾಗೆಯೇ. ನಡುವಿನವನೊಬ್ಬ ಎದ್ದುಹೋದರೆ ಪಕ್ಕದವನು ಕೈ ಚಾಚುತ್ತಾನೆ. 2004ರಲ್ಲಿ ಸ್ಪೇನಿನ ಕ್ಯಾಟಲೋನಿಯಾದ ಹಳ್ಳಿಗಾಡಿನಲ್ಲಿ ಹುಟ್ಟಿದ 'ಗೀಫಿ' ಜಾಲ 30 ಸಾವಿರ ನೋಡ್‌ಗಳನ್ನೂ ಮೀರಿ ಬೆಳೆಯಿತು.

ನಮ್ಮಲ್ಲಿ ಅಡ್ಡ ನಿಂತದ್ದು ತಂತ್ರಜ್ಞಾನವಲ್ಲ, ಪರವಾನಗಿ. 1933ರ ಕಾಯ್ದೆಯ ಪ್ರಕಾರ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ 'ನಮ್ಮ ಧ್ವನಿ' ಸಮುದಾಯ ರೇಡಿಯೋ ಶುರುವಾದಾಗ ಊರವರು ಕಾರ್ಯಕ್ರಮ ಮಾಡಬಹುದಿತ್ತು, ಗಾಳಿಗೆ ಬಿಡುವಂತಿರಲಿಲ್ಲ. ಹಾಗಾಗಿ ಕೇಬಲ್ ಎಳೆದು ಮನೆಮನೆಗೆ ಮುಟ್ಟಿಸಿದರು. ರೇಡಿಯೋ ಇಲ್ಲದ ರೇಡಿಯೋ! ನನ್ನ ಮಟ್ಟಿಗೆ ನಮ್ಮ ಸಮುದಾಯ ಜಾಲಗಳ ಕಥೆ ಶುರುವಾಗುವುದು ಅಲ್ಲಿಂದ.

ಅದೇ ಹೊತ್ತಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಇನ್ನೊಂದು ಜಾಣತನ ನಡೆಯಿತು. ಎಂಐಟಿ ಸಂಶೋಧಕರ 'ಡಾಕ್‌ನೆಟ್' ಯೋಜನೆಯಲ್ಲಿ ಬಸ್ಸಿಗೆ ವೈಫೈ ಕಟ್ಟಲಾಯಿತು. ಬಸ್ಸು ಹಳ್ಳಿಯ ಕೇಂದ್ರದ ಹತ್ತಿರ ಬಂದಾಗ 'ಭೂಮಿ' ಯೋಜನೆಯ ಪಹಣಿ ಅರ್ಜಿಗಳು ತಾವಾಗಿಯೇ ಏರುತ್ತಿದ್ದವು, ತಾಲ್ಲೂಕು ಕೇಂದ್ರದಲ್ಲಿ ಇಳಿಯುತ್ತಿದ್ದವು. ಪಹಣಿ ಇವತ್ತೇ ಬರಬೇಕೆಂದೇನಿಲ್ಲ, ಬಂದರೆ ಸಾಕು ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಈಗಿನ ಉತ್ಸಾಹಿಗಳು ಮರೆಯುವುದು ಇದನ್ನೇ.

2.4 ಗಿಗಾಹರ್ಟ್ಸ್ ಬ್ಯಾಂಡಿನ ಹೊರಾಂಗಣ ವೈಫೈಗೆ ಪರವಾನಗಿ ಬೇಡವೆಂದಾದದ್ದು 2005ರ ಜನವರಿಯಲ್ಲಿ. ಮರುತಿಂಗಳೇ ಧರ್ಮಶಾಲೆಯಲ್ಲಿ ಟಿಬೆಟನ್ ಸಮುದಾಯದ ನಡುವೆ ಮೆಶ್ ಜಾಲ ಎದ್ದಿತು. ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿ ನಿಂತದ್ದು ತುಮಕೂರು ಬಳಿಯ ದೇವರಾಯನದುರ್ಗದ ಸುತ್ತ. ಟಿ.ಬಿ. ದಿನೇಶ್ ಮತ್ತು ಅವರ 'ಜನಾಸ್ತು' ಬಳಗ ಅಲ್ಲಿ ಸಮುದಾಯದ ಒಡೆತನದ ವೈಫೈ ಮೆಶ್ ಕಟ್ಟಿತು. ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಕೌಮೆಶ್'. ಅಗ್ಗದ ರೂಟರು, ಅಂಗೈಯಗಲದ ಸರ್ವರ್, ಅದರಲ್ಲಿ ಊರವರೇ ದನಿ ಕೊಟ್ಟ ಕಥೆಗಳು. ಓದುಬರಹ ಬಾರದವರೂ ಬಳಸಲೆಂದು ಅಕ್ಷರಕ್ಕಿಂತ ಧ್ವನಿಗೆ ಮೊದಲ ಮಣೆ. ಹೊರಗಿನ ಇಂಟರ್ನೆಟ್ ಕೈಕೊಟ್ಟರೂ ಒಳಗಿನದು ನಡೆಯುತ್ತದೆ.

2020ರ ನಂತರ ಕಥೆ ದೂರ ಮುಟ್ಟುವ 'ಲೋರಾ' ರೇಡಿಯೋದತ್ತ ಹೊರಳಿದೆ. ಆ ವರ್ಷ ಶುರುವಾದ 'ಮೆಶ್‌ಟಾಸ್ಟಿಕ್' ತಂತ್ರಾಂಶವನ್ನು ಜೇಬಿನಲ್ಲಿ ಹಿಡಿಯುವ ಸಾಧನಕ್ಕೆ ಹಾಕಿ ಮೊಬೈಲಿಗೆ ಜೋಡಿಸಿದರೆ ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಸಣ್ಣ ಸಂದೇಶ ಹೋಗುತ್ತದೆ. ಭಾರತದಲ್ಲಿ ಇದಕ್ಕೆ ಬಳಕೆಯಾಗುವುದು 865 ಮೆಗಾಹರ್ಟ್ಸ್ ಸುತ್ತಲಿನ, ಪರವಾನಗಿ ಬೇಡದ ಬ್ಯಾಂಡ್. ವೇಗ ಮಾತ್ರ ಸೆಕೆಂಡಿಗೆ ಒಂದು ಕಿಲೋಬಿಟ್‌ನ ಆಸುಪಾಸು. ಚಿತ್ರ, ವಿಡಿಯೋ ಎಲ್ಲ ಮರೆತುಬಿಡಿ. ಒಂದು ಸಂದೇಶಕ್ಕೆ ಸಿಗುವುದು 200 ಚಿಲ್ಲರೆ ಬೈಟ್. ಇಲ್ಲಿ ಕನ್ನಡಕ್ಕೆ ಸುಂಕ ಜಾಸ್ತಿ: ನಮ್ಮ ಪ್ರತಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಕೊಂಡಿಗೆ ಮೂರು ಬೈಟ್. 'ನೀರು ಬಿಟ್ಟಾರ' ಎಂಬುದಕ್ಕೆ 34 ಬೈಟ್ ಬೇಕು. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಒತ್ತಿದರೆ 13ಕ್ಕೆ ಮುಗಿಯುತ್ತದೆ.

ಆ ಎರಡು ಪದ ಆರಿಸಿದ್ದು ಸುಮ್ಮನಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಗಂಗಾವತಿ ಭಾಗದಲ್ಲಿ, ಅದರಲ್ಲೂ ಕೊನೆಭಾಗದ ಭತ್ತದ ರೈತರಿಗೆ, ಬೇಕಾದ ಸುದ್ದಿ ಅಷ್ಟೇ ಉದ್ದದ್ದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾದಾಗ ನದಿದಂಡೆಗೆ ಮುಟ್ಟಬೇಕಿದ್ದ ಎಚ್ಚರಿಕೆಯೂ ಒಂದೇ ಸಾಲಿನದು.

ನೆಲದ ಗುಣವೂ ಲೆಕ್ಕಕ್ಕೆ ಬರುತ್ತದೆ. ಲೋರಾಕ್ಕೆ ಬೇಕಾದದ್ದು ಎತ್ತರ ಮತ್ತು ಎದುರಿನ ಬಯಲು. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಮತ್ತು ಕುಷ್ಟಗಿ ನಡುವೆ ನೇರ ಗೆರೆಯಲ್ಲಿ ಸುಮಾರು 25 ಕಿ.ಮೀ. ಎರಡು ತುದಿಯಲ್ಲೂ 10 ಮೀಟರ್ ಎತ್ತರಕ್ಕೆ ಆಂಟೆನಾ ಇದ್ದರೆ ಭೂಮಿಯ ಬಾಗು ಲೆಕ್ಕದಲ್ಲಿ ರೇಡಿಯೋದ ದಿಗಂತ 26 ಕಿ.ಮೀ. ಕಾಗದದ ಮೇಲೆ ಸರಿ. ನಡುವೆ ಮರವೋ ದಿಣ್ಣೆಯೋ ಬಂದರೆ ಕೆಟ್ಟಿತು. ಗಂಗಾವತಿ, ಆನೆಗೊಂದಿ ಕಡೆ ಬಂಡೆಗುಡ್ಡಗಳೇ ಗೋಡೆ, ಆದರೆ ಗುಡ್ಡದ ನೆತ್ತಿ ಹತ್ತಿದರೆ ಅವೇ ಟವರು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಬೇರೆಯದೇ ತಂತ್ರ ಕೆಲಸಕ್ಕೆ ಬಂದೀತು: 2025ರಲ್ಲಿ ಬಂದ 'ಬಿಟ್‌ಚಾಟ್'ನಂಥ ಬ್ಲೂಟೂತ್ ಆ್ಯಪ್‌ಗಳು ಜನಸಂದಣಿ ಹೆಚ್ಚಿದಷ್ಟೂ ಚುರುಕು, ಎರೆ ಹೊಲದ ಒಂಟಿ ಮನೆಯಲ್ಲಿ ನಿಷ್ಪ್ರಯೋಜಕ.

ಸರ್ಕಾರದ ಕಣ್ಣು ಇಂಥ ಜಾಲಗಳ ಮೇಲಿಲ್ಲ ಎನ್ನುವಂತಿಲ್ಲ. ಇಂಟರ್ನೆಟ್ ಇಲ್ಲದೆಯೂ ನಡೆಯುವ 'ಬ್ರಯರ್' ಸೇರಿ 14 ಆ್ಯಪ್‌ಗಳನ್ನು 2023ರ ಮೇ ತಿಂಗಳಲ್ಲಿ ನಿರ್ಬಂಧಿಸಲಾಯಿತು. ಜಮ್ಮು-ಕಾಶ್ಮೀರದ ಉಗ್ರರು ಬಳಸುತ್ತಾರೆಂಬುದು ಕೊಟ್ಟ ಕಾರಣ. ಹವ್ಯಾಸಿ (ಹ್ಯಾಮ್) ರೇಡಿಯೋದವರಿಗೂ ಗುಪ್ತಲಿಪಿ ನಿಷಿದ್ಧ. ಆದರೂ ನಮ್ಮ ಹಳ್ಳಿಗಳಲ್ಲಿ ಮೊದಲ ಅಡ್ಡಿ ದೆಹಲಿಯದಲ್ಲ. ಆಂಟೆನಾ ಕಟ್ಟಲು ಊರಲ್ಲಿ ಎತ್ತರದ್ದೆಂದರೆ ಓವರ್‌ಹೆಡ್ ಟ್ಯಾಂಕು, ಅದು ಪಂಚಾಯಿತಿಯದು. ಆನೆಗೊಂದಿ ಸೀಮೆಯಲ್ಲಿ ಗುಡ್ಡವೆಂದರೆ ಅರಣ್ಯ ಇಲಾಖೆಯನ್ನೋ ಪುರಾತತ್ವ ಇಲಾಖೆಯನ್ನೋ ಕೇಳಬೇಕು. ಸೋಲಾರ್ ಫಲಕ ಒರೆಸಲು, ಬ್ಯಾಟರಿ ಬದಲಿಸಲು ಏಣಿ ಹತ್ತುವವರು ಯಾರೆಂದು ಪಂಚಾಯಿತಿಯ ಪಿಡಿಓ ಕೇಳಿಯೇ ಕೇಳುತ್ತಾರೆ. ಅನುಮತಿಯ ಅರ್ಜಿಯಲ್ಲಿ ಆ ಹೆಸರನ್ನು ಮೊದಲು ಬರೆಯುವುದು ಒಳ್ಳೆಯದು.