ಅಗಾಥಾ ಕ್ರಿಸ್ಟಿಯವರ ಬರವಣಿಗೆಯ ಬಾಳು

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನು ಬೀಜಗಣಿತದ ಪುಸ್ತಕದ ಮರೆಯಲ್ಲಿ ಪತ್ತೇದಾರಿ ಕಾದಂಬರಿಯೊಂದನ್ನು ಓದುತ್ತಿದ್ದುದನ್ನು ಕಂಡು, ನಾವು ಅದನ್ನು ಕಸಿದುಕೊಂಡೆವು. ಆ ರಾತ್ರಿ ಅದೇ ಪುಸ್ತಕವನ್ನು ಊಟದ ಹೊತ್ತು ಮೀರಿದರೂ ನಾವೇ ಕೆಳಗಿಡಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಮರುದಿನ ಹಿಂತಿರುಗಿಸುವಾಗ ಹುಡುಗನು, "ಸಾರ್, ಈಕೆ ಇಂಥವನ್ನು ಅರುವತ್ತಕ್ಕೂ ಹೆಚ್ಚು ಬರೆದಿದ್ದಾರಂತೆ. ಮನೆ, ಮಗು ಎಲ್ಲ ಇಟ್ಟುಕೊಂಡು ಹೇಗೆ ಬರೆದರು?" ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಯ ಬೆನ್ನು ಹಿಡಿದು ನಾವು ಮಾಡಿದ ಓದಿನ ಫಲವಾಗಿದೆ.

ಪತ್ತೇದಾರಿ ಕಾದಂಬರಿಯೆಂದರೆ ವಿದ್ವಾಂಸರು ಮೂಗು ಮುರಿಯುವುದು ವಾಡಿಕೆ. ನಮ್ಮಲ್ಲಿಯೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳಿಂದಲೇ ಕನ್ನಡ ಓದುವ ರುಚಿ ಹತ್ತಿಸಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಸಾಹಿತ್ಯ ಚರಿತ್ರೆಯ ಪಂಕ್ತಿಯಲ್ಲಿ ಮಾತ್ರ ಅವರಿಗೆ ಹಿಂದಣ ಎಲೆ. ಈ ಜಾತಿಯ ಕಾದಂಬರಿಗಳಲ್ಲಿಯೇ ಒಂದು ಸೌಮ್ಯವಾದ ಕವಲುಂಟು. ಅದರಲ್ಲಿ ರಕ್ತಪಾತದ ವರ್ಣನೆಯಿಲ್ಲ. ಒಂದು ಸಣ್ಣ ಊರು, ಪಾದ್ರಿಯ ಮನೆ, ಚಹದ ಮೇಜು, ನೆರೆಹೊರೆಯವರ ಮಾತು. ಇವುಗಳ ನಡುವೆ ಒಂದು ಕೊಲೆ, ಅದನ್ನು ಬುದ್ಧಿಯಿಂದಲೇ ಬಿಡಿಸುವ ಒಬ್ಬ ವೃದ್ಧೆ. 1930ರ ಕಾದಂಬರಿಯೊಂದರಲ್ಲಿ ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಮಿಸ್ ಮಾರ್ಪಲ್ ಎಂಬ ಮುದುಕಿಯನ್ನು ಹೀಗೆ ನಿಲ್ಲಿಸಿದವರು ಅಗಾಥಾ ಕ್ರಿಸ್ಟಿ.

ಈಕೆ ಕೆಲಸ ಮಾಡಿದ ರೀತಿಯನ್ನು ತಿಳಿಯಲು ನಮಗೆ ಎರಡು ಮುಖ್ಯ ಸಾಕ್ಷ್ಯಗಳುಂಟು. ಒಂದು, 1950ರಲ್ಲಿ ಇರಾಕಿನ ನಿಮ್ರೂದಿನಲ್ಲಿ ಆರಂಭಿಸಿ 1965ರಲ್ಲಿ ಮುಗಿಸಿದ ಆತ್ಮಕಥೆ. ಅದು ಅಚ್ಚಾದುದು ಮರಣಾನಂತರ, 1977ರಲ್ಲಿ. ಇನ್ನೊಂದು, ಡೆವನ್ ಪ್ರಾಂತದ ಗ್ರೀನ್‌ವೇ ಎಂಬ ಆಕೆಯ ಮನೆಯಲ್ಲಿ ದೊರೆತ 73 ಟಿಪ್ಪಣಿ ಪುಸ್ತಕಗಳು. ಇವನ್ನು ಜಾನ್ ಕರನ್ ಎಂಬವರು ಶ್ರಮವಹಿಸಿ ಓದಿ 2009ರಲ್ಲಿ ಗ್ರಂಥರೂಪದಲ್ಲಿ ಪರಿಚಯಿಸಿದರು. ಆತ್ಮಕಥೆಯು ಮುಪ್ಪಿನಲ್ಲಿ ನೆನೆದು ಹೇಳಿದ ಮಾತು. ಟಿಪ್ಪಣಿಗಳು ಆಯಾ ಹೊತ್ತಿನ ಕೈಬರಹ. ಇತಿಹಾಸವನ್ನು ಪಾಠ ಹೇಳುವ ನಮ್ಮಂಥವರಿಗೆ ಇವೆರಡನ್ನೂ ಪಕ್ಕದಲ್ಲಿಟ್ಟು ನೋಡುವುದೇ ಒಂದು ಸಂತೋಷ.

ಆಕೆ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಟಾರ್ಕಿ ಎಂಬ ಸಮುದ್ರತೀರದ ಪಟ್ಟಣದಲ್ಲಿ. ಎಂಟು ವರ್ಷ ತುಂಬುವವರೆಗೆ ಮಗು ಓದಕೂಡದೆಂಬುದು ತಾಯಿಯ ಮತ. ಐದನೆಯ ವಯಸ್ಸಿಗೇ ಮಗು ತಾನಾಗಿ ಓದಲು ಕಲಿತುಬಿಟ್ಟಿತು! ಬಾಲ್ಯದ ಕಲಿಕೆಯೆಲ್ಲ ಬಹುಪಾಲು ಮನೆಯಲ್ಲಿಯೇ ಆಯಿತು. ಕಾಗುಣಿತದಲ್ಲಿ ತಾನು ಕೊನೆಯವರೆಗೂ ದುರ್ಬಲಳೆಂದು ಆಕೆಯೇ ಹೇಳಿಕೊಂಡಿದ್ದಾರೆ. ಕಾಗುಣಿತ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಉಪಾಧ್ಯಾಯ ಮಿತ್ರರು ಇದನ್ನು ಗಮನಿಸಬೇಕು. ಆ ಗುಂಪಿನಲ್ಲಿ ನಾವೂ ಇದ್ದೇವೆ.

ಮೊದಲನೆಯ ಮಹಾಯುದ್ಧದಲ್ಲಿ ಆಕೆ ಟಾರ್ಕಿಯ ಆಸ್ಪತ್ರೆಯಲ್ಲಿ ದಾದಿಯಾಗಿ, ಬಳಿಕ ಔಷಧಶಾಲೆಯಲ್ಲಿ ದುಡಿದರು. ಸುತ್ತಲೂ ವಿಷದ ಸೀಸೆಗಳು. ಕೈಗೆ ಕೆಲವೊಮ್ಮೆ ಬಿಡುವು. ಆಗ ತರಬೇತಿ ಕೊಡುತ್ತಿದ್ದ ಔಷಧ ವ್ಯಾಪಾರಿಯೊಬ್ಬನು ಮಿಶ್ರಣದ ಲೆಕ್ಕದಲ್ಲಿ ದಶಾಂಶ ಬಿಂದುವನ್ನು ಒಂದು ಸ್ಥಾನ ತಪ್ಪಿ ಇಟ್ಟನಂತೆ. ಹಿರಿಯನ ಎದುರಿಗೆ ತಪ್ಪನ್ನು ಹೇಳುವ ಧೈರ್ಯ ಆಕೆಗಿಲ್ಲ. ಸುಮ್ಮನಿದ್ದರೆ ರೋಗಿಗೆ ಅಪಾಯ. ಆಕೆ ಎಡವಿದವರಂತೆ ನಟಿಸಿ ಆ ಮದ್ದನ್ನೆಲ್ಲ ನೆಲಕ್ಕೆ ಕೆಡವಿ, ಮೇಲೆ ಗಟ್ಟಿಯಾಗಿ ಕಾಲಿಟ್ಟು ತುಳಿದರು. ಆತನು ಕುರಾರೆ ಎಂಬ ವಿಷದ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದನು; ಅದರಿಂದ ತನಗೆ ಶಕ್ತಿವಂತನೆಂಬ ಭಾವನೆ ಬರುತ್ತದೆಂದು ಹೇಳುತ್ತಿದ್ದನು. ಹಲವು ದಶಕಗಳ ಮೇಲೆ, 1961ರ 'ದಿ ಪೇಲ್ ಹಾರ್ಸ್' ಬರೆಯುವಾಗ ಆತನ ನೆನಪು ಆಕೆಗೆ ಉಪಯೋಗಕ್ಕೆ ಬಂತು. ಆ ಕಾದಂಬರಿಯ ವಿಷ ಥ್ಯಾಲಿಯಂ. ಅದರ ಲಕ್ಷಣಗಳ ವಿವರಣೆ ಎಷ್ಟು ಖಚಿತವಾಗಿತ್ತೆಂದರೆ, 1977ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವೈದ್ಯರಿಗೆ ತಿಳಿಯದ ಕಾಯಿಲೆಯಿಂದ ನರಳುತ್ತಿದ್ದ ಕೂಸಿಗೆ ಆಗಿರುವುದು ಥ್ಯಾಲಿಯಂ ವಿಷವೆಂದು, ಈ ಪುಸ್ತಕವನ್ನು ಓದುತ್ತಿದ್ದ ದಾದಿಯೊಬ್ಬಳು ಗುರುತಿಸಿದಳು. ಕೂಸು ಚೇತರಿಸಿಕೊಂಡಿತು.

ಮೊದಲ ಪತ್ತೇದಾರಿ ಕಾದಂಬರಿಗೆ ಅಕ್ಕನ ಸವಾಲೇ ಬೀಜ. ಅರ್ಧಕ್ಕೆ ಬಂದು ಕಥೆ ಸಿಕ್ಕಾದಾಗ, ತಾಯಿಯ ಸಲಹೆಯಂತೆ ರಜೆಯಲ್ಲಿ ಡಾರ್ಟ್‌ಮೂರ್ ಬಯಲಿನ ಹೋಟೆಲೊಂದಕ್ಕೆ ಹೋಗಿ ತಂಗಿದರು. ಬೆಳಗ್ಗೆ ಕೈ ನೋಯುವವರೆಗೆ ಬರವಣಿಗೆ. ಮಧ್ಯಾಹ್ನ ಬಯಲಿನಲ್ಲಿ ಒಬ್ಬಂಟಿಯಾಗಿ ನಡೆಯುತ್ತ ಪಾತ್ರಗಳ ಸಂಭಾಷಣೆಯನ್ನು ಗಟ್ಟಿಯಾಗಿ ಆಡಿಕೊಳ್ಳುವುದು. ರಾತ್ರಿ ಗಾಢ ನಿದ್ರೆ. ಹಲವು ಪ್ರಕಾಶಕರು ಹಿಂತಿರುಗಿಸಿದ ಮೇಲೆ ಜಾನ್ ಲೇನ್ ಎಂಬವರು ಅದನ್ನು ಸ್ವೀಕರಿಸಿದರು. 1920ರಲ್ಲಿ ಅಮೆರಿಕೆಯಲ್ಲಿ, 1921ರಲ್ಲಿ ಇಂಗ್ಲೆಂಡಿನಲ್ಲಿ ಅದು ಹೊರಬಿತ್ತು. ಆಕೆಯ ಕೈಗೆ ಬಂದದ್ದು 25 ಪೌಂಡು. ಜತೆಗೆ ಮುಂದಿನ ಐದು ಪುಸ್ತಕಗಳನ್ನು ಅವರಿಗೇ ಕೊಡಬೇಕೆಂಬ ಕರಾರು.

1926ರಲ್ಲಿ ತಾಯಿ ತೀರಿಕೊಂಡರು, ಗಂಡ ಬೇರೊಬ್ಬಳಿಗೆ ಮನಸೋತನು. ಡಿಸೆಂಬರಿನಲ್ಲಿ ಆಕೆ ಹನ್ನೊಂದು ದಿನ ಕಾಣೆಯಾಗಿ ಹ್ಯಾರೊಗೇಟಿನ ಹೋಟೆಲೊಂದರಲ್ಲಿ ಪತ್ತೆಯಾದರು. ಈ ಸಂಗತಿಯನ್ನು ಆತ್ಮಕಥೆಯು ಹೇಳುವುದೇ ಇಲ್ಲ. ಪತ್ರಿಕೆಗಳು ಅಂದು ಕುಣಿದಾಡಿದಂತೆ ನಾವೂ ಇಲ್ಲಿ ಕುಣಿಯಬೇಕಾಗಿಲ್ಲ. ಮುಖ್ಯವಾದುದು ಅದರ ಮುಂದಿನ ತಿಂಗಳುಗಳು. ಕೆನರಿ ದ್ವೀಪಗಳಲ್ಲಿ ಮಗಳೊಡನೆ ಉಳಿದುಕೊಂಡು, ಹಣದ ಅಗತ್ಯಕ್ಕಾಗಿ ಕಾದಂಬರಿಯೊಂದನ್ನು ಕಾರ್ಯದರ್ಶಿ ಷಾರ್ಲಟ್ ಫಿಶರರಿಗೆ ಹೇಳಿ ಬರೆಸತೊಡಗಿದರು. ಮಗು ಪಕ್ಕದಲ್ಲಿಯೇ ನಿಂತು ತಾಯಿಯ ಗಮನಕ್ಕಾಗಿ ಕಾಯುವುದು, ಕಥೆಯಲ್ಲಿ ಉತ್ಸಾಹವಿಲ್ಲ, ಪಾತ್ರಗಳಲ್ಲಿ ಜೀವವಿಲ್ಲ. ಆದರೂ ಬರೆದು ಮುಗಿಸಿದರು. ಅದೇ 1928ರ 'ದಿ ಮಿಸ್ಟರಿ ಆಫ್ ದ ಬ್ಲೂ ಟ್ರೇನ್'. ಮನಸ್ಸಿಲ್ಲದಾಗಲೂ, ಬರೆದದ್ದು ಮೆಚ್ಚಿಗೆಯಾಗದಿದ್ದಾಗಲೂ ಬರೆಯಬೇಕಾಗುವ ಹೊರೆ ತನ್ನ ಹೆಗಲಿಗೆ ಬಿದ್ದುದು ಆಗ, ಹವ್ಯಾಸಿಯಾಗಿದ್ದ ತಾನು ವೃತ್ತಿಯವಳಾದುದು ಆಗ, ಎಂದು ಆಕೆ ಗುರುತಿಸುತ್ತಾರೆ. ಆ ಕಾದಂಬರಿಯನ್ನು ಆಕೆ ಎಂದೂ ಮೆಚ್ಚಲಿಲ್ಲ.

ಆಕೆಗೆ ಬಹುಕಾಲ ಬರವಣಿಗೆಯ ಕೋಣೆಯೆಂಬುದೇ ಇರಲಿಲ್ಲ. ಅಲುಗಾಡದ ಒಂದು ಮೇಜು, ಒಂದು ಬೆರಳಚ್ಚು ಯಂತ್ರ, ಇಷ್ಟು ಸಾಕು. ಮಲಗುವ ಕೋಣೆಯಲ್ಲಿ ಮುಖ ತೊಳೆಯಲು ಇಡುವ ಅಮೃತಶಿಲೆಯ ಮೇಜಾಗಬಹುದು. ಊಟದ ವೇಳೆಗಳ ನಡುವೆ ಊಟದ ಮೇಜೂ ಆಗಬಹುದು. ಕೆಲಸ ಮಾಡುತ್ತಿರುವ ಭಾವಚಿತ್ರ ತೆಗೆಯಬೇಕೆಂದು ಪತ್ರಿಕೆಯವರು ಬಂದಾಗ ತೋರಿಸಲು ಜಾಗವೇ ಇಲ್ಲದೆ ಪೇಚಾಡಿದ್ದುಂಟು. ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ನರನ್ನು 1930ರಲ್ಲಿ ವರಿಸಿದ ಮೇಲೆ ಸಿರಿಯಾ ಇರಾಕುಗಳ ಉತ್ಖನನ ಶಿಬಿರಗಳಲ್ಲಿಯೂ ಈ ಕೆಲಸ ನಡೆಯಿತು. ನಿಮ್ರೂದಿನಲ್ಲಿ 50 ಪೌಂಡು ವೆಚ್ಚದಲ್ಲಿ ಆಕೆಗೆಂದು ಕೋಣೆಯೊಂದನ್ನು ಕಟ್ಟಿಸಿ, 'ಅಗಾಥಾಳ ಮನೆ' ಎಂದು ಕ್ಯೂನಿಫಾರಂ ಲಿಪಿಯಲ್ಲಿ ಬಾಗಿಲಿಗೆ ಫಲಕ ಹಾಕಿದರು. ಬರವಣಿಗೆಯ ಬಿಡುವಿನಲ್ಲಿ ಆಕೆ ಅಲ್ಲಿ ಸಿಕ್ಕಿದ ದಂತದ ಕೆತ್ತನೆಗಳನ್ನು ಮುಖಕ್ಕೆ ಹಚ್ಚುವ ಕ್ರೀಮಿನಿಂದ ಶುಚಿಗೊಳಿಸುತ್ತಿದ್ದರು.

ಟಿಪ್ಪಣಿ ಪುಸ್ತಕಗಳನ್ನು ನೋಡಿದರೆ ನಮ್ಮ ಶಾಲೆಯ ದಡ್ಡ ಹುಡುಗನ ರಫ್ ಪುಸ್ತಕವೂ ಅಚ್ಚುಕಟ್ಟೆನ್ನಬೇಕು. ತಾರೀಖು ಅಪರೂಪ. ಒಂದೇ ಕಾದಂಬರಿಯ ಟಿಪ್ಪಣಿ ಹಲವು ಪುಸ್ತಕಗಳಲ್ಲಿ ಚೆದುರಿದೆ. ನಡುವೆ ಅಂಗಡಿಯ ಸಾಮಾನಿನ ಪಟ್ಟಿ, ಇಸ್ಪೀಟಾಟದ ಅಂಕಗಳು. ದೃಶ್ಯಗಳಿಗೆ ಅಕ್ಷರಗಳ ಗುರುತು ಹಾಕಿ, ಆಮೇಲೆ ಆ ಅಕ್ಷರಗಳನ್ನೇ ಹಿಂದುಮುಂದು ಜೋಡಿಸಿ ಕಥೆಯ ಕ್ರಮವನ್ನು ಗೊತ್ತುಮಾಡುತ್ತಿದ್ದರು. ಓದುಗನಿಗೆ ಗಡಿಯಾರದಂತೆ ಕಾಣುವ ಕಥೆಯಲ್ಲಿ ಕೊಲೆಗಾರನು ಇವನೋ ಅವನೋ ಎಂದು ಲೇಖಕಿಯೇ ತೂಗಿ ನೋಡಿದ್ದು ಇಲ್ಲಿ ಕಾಣಬರುತ್ತದೆ. ಮೊದಲೇ ಸಿದ್ಧವಾದ ನಕ್ಷೆಯಿಂದ ಈ ಮನೆಗಳು ಎದ್ದವೆಂಬ ನಮ್ಮ ಎಣಿಕೆ ಹೀಗೆ ಸುಳ್ಳಾಯಿತು.

ಹುಡುಗನ ಪ್ರಶ್ನೆಗೆ ನ್ಯಾಯವಾಗಿ ಉತ್ತರಿಸಬೇಕಾದರೆ ಇನ್ನೊಂದನ್ನೂ ಹೇಳಬೇಕು. ಆಕೆಗೆ ಆಳುಕಾಳುಗಳಿದ್ದರು, ಮಗುವಿಗೆ ದಾದಿಯಿದ್ದಳು. ನಮ್ಮ ಸೋದರಿ ಶಿಕ್ಷಕಿಯರು ಬೆಳಗಿನ ಅಡುಗೆ ಮುಗಿಸಿ ಬಸ್ಸು ಹಿಡಿದು ಬಂದು, ರಾತ್ರಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವ ಸ್ಥಿತಿಗೆ ಇದು ಸಮವಲ್ಲ. ಆದರೆ ಎರಡನೆಯ ಮಹಾಯುದ್ಧದಲ್ಲಿ ಆಕೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಔಷಧಶಾಲೆಯಲ್ಲಿ ಪುನಃ ದುಡಿಯುತ್ತ, ಬಾಂಬಿನ ಮಳೆಯ ನಡುವೆ, ಬೇಸರ ಬಾರದಿರಲೆಂದು ಎರಡು ಕಾದಂಬರಿಗಳನ್ನು ಒಂದಾದ ಮೇಲೊಂದು ಬದಲಿಸಿಕೊಳ್ಳುತ್ತ ಬರೆದರೆಂಬುದೂ ಅಷ್ಟೇ ನಿಜ.

ಕೊನೆಗಾಲದ ಪುಸ್ತಕಗಳು ಸಡಿಲವಾಗಿವೆ. 1973ರಲ್ಲಿ ಬಂದ, ಆಕೆ ಕಟ್ಟಕಡೆಗೆ ಬರೆದ ಕಾದಂಬರಿಯಲ್ಲಿ ಕಥೆಯ ಎಳೆಯೇ ಕೈತಪ್ಪಿ ಹೋಗುತ್ತದೆ. ಅಲ್ಲಿ ಉಳಿದಿರುವುದು ಅಭ್ಯಾಸಬಲವೊಂದೇ ಎಂದು ನಮ್ಮ ಅಭಿಪ್ರಾಯ. ಆದರೆ ಯುದ್ಧಕಾಲದಲ್ಲಿಯೇ, ತಾನು ಸತ್ತರೆ ಮನೆಯವರಿಗೆ ಆಧಾರವಾಗಲೆಂದು, ಎರಡು ಕಾದಂಬರಿಗಳನ್ನು ಬರೆದು ಭದ್ರವಾಗಿ ಎತ್ತಿಟ್ಟಿದ್ದರು. ಒಂದು ಮಗಳ ಪಾಲಿಗೆ, ಒಂದು ಗಂಡನ ಪಾಲಿಗೆ. ಪಾರೋ ಎಂಬ ಪತ್ತೇದಾರನ ಕೊನೆಯನ್ನು ಹೇಳುವ ಮೊದಲನೆಯದು 1975ರಲ್ಲಿ ಹೊರಬಂತು. 1976ರ ಜನವರಿ 12ರಂದು ಅಗಾಥಾ ಕ್ರಿಸ್ಟಿ ತೀರಿಕೊಂಡರು. ಮಿಸ್ ಮಾರ್ಪಲ್‌ಳ ಎರಡನೆಯ ಪುಸ್ತಕವು, ಬರೆದು ಮೂರು ದಶಕಗಳಾದ ಮೇಲೆ, ಅದೇ ವರ್ಷ ಅಂಗಡಿಗಳಿಗೆ ಬಂತು.