ಸಂಬಳದ ಚೀಟಿಯ ಮೇಲೆ ಯಾರ ಹೆಸರು?

ಚಳ್ಳಕೆರೆಯ ಕೇಳುಗರೊಬ್ಬರು ಮೆಸೇಜ್ ಹಾಕಿದ್ರು. ಜರ್ಮನಿಯ ಕಂಪನಿಯೊಂದು ಅವರಿಗೆ ಊರಲ್ಲೇ ಕೂತು ಮಾಡೋ ಕೆಲಸ ಕೊಟ್ಟಿದೆ. ಆದರೆ ಆಫರ್ ಲೆಟರ್ ಬಂದಿರೋದು ಬೆಂಗಳೂರಿನ ಬೇರೊಂದು ಕಂಪನಿಯಿಂದ. "ಹಾಗಾದ್ರೆ ನನ್ನ ಮಾಲೀಕ ಯಾರು?" ಅಂತ ಕೇಳಿದ್ದಾರೆ.

ಇದಕ್ಕೆ ಎಂಪ್ಲಾಯರ್ ಆಫ್ ರೆಕಾರ್ಡ್ ಅಂತಾರೆ. ಅಂದ್ರೆ ದಾಖಲೆಯಲ್ಲಿರೋ ಮಾಲೀಕ. ಕೆಲಸ ಹೇಳೋರು ಅಲ್ಲಿಯವರು. ಸಂಬಳ, ಪಿಎಫ್, ಟಿಡಿಎಸ್ ನೋಡ್ಕೊಳ್ಳೋರು ಇಲ್ಲಿಯವರು. ವಿದೇಶಿ ಕಂಪನಿ ಇಲ್ಲಿ ಶಾಖೆ ತೆರೆಯೋ ರಗಳೆ ಇಲ್ಲ. ಹೊಸದು ಅನ್ಸುತ್ತೆ. ಆದರೆ ಈ ಪ್ರಶ್ನೆ ನಮ್ಮ ಕಡೆ ತುಂಬಾ ಹಳೇದು.

ಪಕ್ಕದ ಮೊಳಕಾಲ್ಮೂರನ್ನೇ ನೋಡಿ. ರೇಷ್ಮೆ, ಜರಿ ಕೊಡೋರು ಮಾಸ್ಟರ್ ವೀವರ್. ಮನೆಯಲ್ಲೇ ಕೈಮಗ್ಗ, ಮನೆಯವರೆಲ್ಲರ ದುಡಿಮೆ. ಮಜೂರಿ ಸೀರೆ ಲೆಕ್ಕದಲ್ಲಿ. ಬಣ್ಣ, ಬುಟ್ಟಾ, ಅಂಚು ತೀರ್ಮಾನಿಸೋದು ಅವರು. ಆದರೂ ಕಾಗದದಲ್ಲಿ ನೇಕಾರ 'ಸ್ವತಂತ್ರ'. ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ ಸಿಕ್ಕಿದೆ, ನೆಯ್ದವರ ಕೈಗೆ ನೇಮಕಾತಿ ಪತ್ರ ಸಿಕ್ಕಿಲ್ಲ.

ಈ ಗಂಟನ್ನು ಕಾನೂನು ಗಟ್ಟಿಯಾಗಿ ಹಿಡಿದಿದ್ದು ಬೀಡಿ ವಿಷಯದಲ್ಲಿ. ಕರಾವಳಿಯ ಹೆಂಗಸರು ಎಲೆ, ಹೊಗೆಸೊಪ್ಪು, ನೂಲು ತಂದು ಮನೆಯಲ್ಲಿ ಬೀಡಿ ಕಟ್ಟಿ ಗುತ್ತಿಗೆದಾರನಿಗೆ ಒಪ್ಪಿಸ್ತಿದ್ರು. ಬ್ರಾಂಡ್ ಮಾಲೀಕರನ್ನು ಕೇಳಿದ್ರೆ, ಅವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರನ ಕಡೆಯವರು ಅನ್ನೋ ವಾದ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಗೆಲಸದ ಈ ಕಾರ್ಮಿಕರನ್ನೂ ಲೆಕ್ಕಕ್ಕೆ ತಗೊಂಡಿತು. ಗುತ್ತಿಗೆ ಕಾರ್ಮಿಕರ ಮಟ್ಟಿಗೆ 'ಮುಖ್ಯ ಮಾಲೀಕ'ನೇ ಮಾಲೀಕ ಅಂದಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ ಅದೇ ದಾರಿ ಹಿಡಿದಿತ್ತು: ಗುತ್ತಿಗೆದಾರ ಕೂಲಿ ಕೊಡದಿದ್ರೆ ಮುಖ್ಯ ಮಾಲೀಕ ಕೊಡಬೇಕು ಅಂದಿತ್ತು. 1978ರಲ್ಲಿ ಕಲ್ಲಿಕೋಟೆಯ ಹಗ್ಗದ ಕಾರ್ಖಾನೆ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೂಡ ಮಧ್ಯವರ್ತಿಯ ಪರದೆ ಸರಿಸಿ ನಿಜವಾದ ಮಾಲೀಕ ಯಾರು ಅಂತ ನೋಡಿದರು.

ನನಗೆ ಕುತೂಹಲ ಇರೋದು ಇಲ್ಲೇ. ಆಗ ಕಾನೂನು ಮಧ್ಯದವನನ್ನು ದಾಟಿ ಹಿಂದಿನ ಮಾಲೀಕನ ಜುಟ್ಟು ಹಿಡೀತು. ಈಗ ಹಿಂದಿನ ಮಾಲೀಕ ಸಮುದ್ರದಾಚೆ ಇದ್ದಾನೆ, ಕೈಗೆ ಸಿಗೋನು ಮಧ್ಯದವನೇ. ಅವನೇ 'ಹೌದು, ನಾನೇ ಮಾಲೀಕ' ಅಂತ ಸಹಿ ಹಾಕ್ತಾನೆ. ಮಗ್ಗದ ಮುಂದೆ ಕೂತವರಿಗೆ ಅಷ್ಟೂ ಸಿಕ್ಕಿರಲಿಲ್ಲ, ಹಾಗಾಗಿ ಇದನ್ನ ಮೋಸ ಅಂತ ನಾನು ತಳ್ಳಿಹಾಕಲ್ಲ. ಆದರೆ ಜರ್ಮನಿಯವರು ಪ್ರಾಜೆಕ್ಟ್ ನಿಲ್ಲಿಸಿದ ದಿನ ಬೆಂಗಳೂರಿನ ಮಾಲೀಕನ ಹತ್ತಿರ ನಿಮಗೆ ಕೊಡೋಕೆ ಬೇರೆ ಕೆಲಸ ಇರುತ್ತಾ?

ನಾನು ಬಿಕಾಂ ಓದಿದವನು, ವಕೀಲ ಅಲ್ಲ. ಆದ್ರೂ ಆ ಕೇಳುಗರಿಗೆ ಇಷ್ಟು ಬರೆದೆ: ಸಹಿಗೆ ಮುಂಚೆ ನೋಟಿಸ್ ಅವಧಿ ನೋಡಿ. ಆ ಅವಧಿಯ ಸಂಬಳ ಕೊಡೋದು ಯಾರು ಅನ್ನೋದು ಕಾಗದದಲ್ಲೇ ಇರಲಿ. ಪಿಎಫ್ ಜಮಾ ಆಗ್ತಿದೆಯಾ ಅಂತ ನಿಮ್ಮ ಯುಎಎನ್ ಹಾಕಿ ನೀವೇ ಚೆಕ್ ಮಾಡ್ತಾ ಇರಿ. ಇನ್ನು ಗ್ರಾಚ್ಯುಟಿ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಮೂರನೇ ವರ್ಷ ಜರ್ಮನಿಯವರು ದಾಖಲೆಯ ಮಾಲೀಕನನ್ನೇ ಬದಲಾಯಿಸಿದ್ರೆ, ಹಳೇ ಮೂರು ವರ್ಷ ಲೆಕ್ಕಕ್ಕೆ ಬರುತ್ತಾ? ಇದನ್ನ ಇವತ್ತೇ ಮೇಲ್ ಮಾಡಿ ಕೇಳಿ, ಉತ್ತರ ಲಿಖಿತದಲ್ಲಿ ತಗೊಳ್ಳಿ.