ಪಂಚಮಿಗೆ ಬಂದ ಮೊಮ್ಮಗಳು

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಿಂದ ತಟ್ಟುಕೋಟೆಯ ಕಡೆಗೆ ಹೋದರೆ ಬಂಡೆಯೊಂದರ ಮೈಮೇಲೆ ಹತ್ತು ಸಾಲುಗಳ ಬರಹ ಕಾಣುತ್ತದೆ. ಕಪ್ಪೆ ಅರಭಟ್ಟನೆಂಬ ವೀರನ ಸ್ವಭಾವವನ್ನು ಬಣ್ಣಿಸುವ ಈ ಶಾಸನ ಕ್ರಿ.ಶ. 700ರ ಸುಮಾರಿನದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಇಲ್ಲಿವೆ. ಅದೇ ಸೀಮೆಯ ಹಳ್ಳಿಗಳಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುತ್ತಿದ್ದ ಹೆಂಗಸರ ಬಾಯಲ್ಲಿದ್ದದ್ದೂ ತ್ರಿಪದಿಯೇ. ಬಂಡೆಗಲ್ಲಿಗೂ ಬೀಸುಗಲ್ಲಿಗೂ ನಡುವೆ ಹನ್ನೆರಡು ನೂರು ವರ್ಷಗಳ ಅಂತರ. ಈ ಅಂತರವನ್ನು ಆ ಮಟ್ಟು ದಾಟಿದ್ದು ಹೇಗೆ ಎಂದು ಕೇಳಿದರೆ ಸಾಹಿತ್ಯಚರಿತ್ರೆ ಕವಿಗಳ ಹೆಸರು ಹೇಳುತ್ತದೆ, ಸರ್ವಜ್ಞನಲ್ಲಿಗೆ ಬಂದು ನಿಲ್ಲುತ್ತದೆ. ಸರ್ವಜ್ಞ ದೊಡ್ಡವನು, ಸಂದೇಹವಿಲ್ಲ. ಆದರೆ ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಿನ ಮನೆಗಳಲ್ಲಿ ಹಾಡು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದದ್ದು ಕವಿಯ ಹೆಸರಿನಿಂದಲ್ಲ. ಹಬ್ಬಕ್ಕೆಂದು ಮಗಳು ತವರಿಗೆ ಬಂದು, ಅವಳ ಸೆರಗು ಹಿಡಿದು ಬಂದ ಮೊಮ್ಮಗಳು ಆಯಿಯ, ಅಂದರೆ ತಾಯಿಯ ತಾಯಿಯ, ಮನೆಯಲ್ಲಿ ಕಳೆದ ಒಂದು ವಾರ ಇದೆಯಲ್ಲ, ಆ ವಾರವೇ ಈ ಸೀಮೆಯ ಸಂಗೀತಶಾಲೆಯಾಗಿತ್ತು ಎಂಬುದು ನನ್ನ ವಾದ.

ಮೊದಲು ಮಟ್ಟಿನ ಸಾಕ್ಷಿಯನ್ನೇ ನೋಡಬಹುದು. ತ್ರಿಪದಿಗೆ ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದು ಛಂದಸ್ಸಿನ ಪುಸ್ತಕದ ಲೆಕ್ಕ. ಹಾಡುವವರು ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಜೋಡಿಸುತ್ತಾರೆ. ಹೀಗಾಗಿ ಬರಹದಲ್ಲಿ ಮೂರು ಸಾಲಾದದ್ದು ಹಾಡಿಕೆಯಲ್ಲಿ ನಾಲ್ಕಾಗುತ್ತದೆ. ಈ ಮರುಕಳಿಕೆಯನ್ನು ಕೇವಲ ರಾಗದ ಸೊಗಸೆಂದು ನೋಡಿದವರೇ ಹೆಚ್ಚು. ನನಗೆ ಅದು ಕಲಿಸುವ ಉಪಾಯದಂತೆ ಕಾಣುತ್ತದೆ. ಕಲ್ಲಿನ ಗೂಟಕ್ಕೆ ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳಿಗೆ ಪದ ಬರುತ್ತದೆ, ಇನ್ನೊಬ್ಬಳಿಗೆ ಬರುವುದಿಲ್ಲ. ಬಾರದವಳು ಮೊದಲ ಸಾಲು ಕೇಳುತ್ತಾಳೆ, ಎರಡನೆಯದನ್ನು ಹಿಡಿಯುತ್ತಾಳೆ, ಅದು ಮರಳಿ ಬಂದಾಗ ದನಿ ಕೂಡಿಸುತ್ತಾಳೆ. ಏಳೆಂಟು ವರ್ಷದ ಹುಡುಗಿಗೂ ಒಂದು ಬೆಳಗಿನಲ್ಲಿ ನಾಲ್ಕಾರು ಪದ ನಾಲಗೆಗೆ ಹತ್ತುತ್ತವೆ. ಪುಸ್ತಕ ಬೇಡ, ಗುರುದಕ್ಷಿಣೆ ಬೇಡ. ಬೇಕಾದದ್ದು ಪದ ಬಲ್ಲ ಒಬ್ಬ ಹಿರಿಯಳು, ಬಾರದ ಒಬ್ಬ ಕಿರಿಯಳು, ಇಬ್ಬರನ್ನೂ ಒಂದೆಡೆ ಕೂಡಿಸುವ ಕೆಲಸ. ಹೆಂಗಸರ ಕೆಲಸಕ್ಕೂ ಹಾಡಿಗೂ ಇರುವ ನಂಟು ಹಳೆಯದೆನ್ನಲು ಲಿಖಿತ ಆಧಾರವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆಂಬ ಮಾತು ಬರುತ್ತದೆ. ಓವಿ ನಮ್ಮ ತ್ರಿಪದಿಯ ಒಡಹುಟ್ಟು. ಕೃಷ್ಣೆಯ ಎರಡು ದಂಡೆಗೂ ಒಂದೇ ಅರಸೊತ್ತಿಗೆಯಿದ್ದ ಕಾಲದಲ್ಲಿ ಒನಕೆಯ ಹಾಡು ಅರಮನೆಯ ಕಿವಿಗೂ ಬಿದ್ದಿತ್ತು.

ಆಮೇಲೆ ಬಂದ ಬರಹಗಾರರ ಕಿವಿಗೆ ಅದು ಅಷ್ಟು ಸುಲಭವಾಗಿ ಬೀಳಲಿಲ್ಲ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಬಾದಾಮಿಯ ಶಾಸನಗಳನ್ನು ಓದಿ ಪ್ರಕಟಿಸಿದವನು. 1880ರ ದಶಕದಲ್ಲಿ ಹಲಗಲಿಯ ಬೇಡರ ಲಾವಣಿಯನ್ನೂ ಅಚ್ಚಿಗೆ ಕೊಟ್ಟವನು ಅವನೇ. ಕಲ್ಲಿನ ಬರಹವೂ ಗಂಡಸರು ಬಯಲಲ್ಲಿ ನಿಂತು ಹಾಡುವ ಲಾವಣಿಯೂ ಅವನಿಗೆ ಎಟುಕಿದವು. ಅಡಿಗೆಮನೆಯ ಮಗ್ಗುಲಲ್ಲಿ, ನಸುಕಿನ ಕತ್ತಲಲ್ಲಿ ಹುಟ್ಟುವ ಪದ ಹೊರಗಿನವನಿಗೆ ಎಟುಕುವಂಥದ್ದಲ್ಲ. ಅದಕ್ಕೆ ಮನೆಯ ಮಕ್ಕಳೇ ಬೇಕಾಯಿತು. ಆಗ ಬಾಗಲಕೋಟೆಯನ್ನೂ ಒಳಗೊಂಡಿದ್ದ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಕನ್ನಡಕ್ಕೆ ಅವರಿಂದಾದ ಉಪಕಾರ ಸಣ್ಣದಲ್ಲ. ಆದರೂ ಆ ಶೀರ್ಷಿಕೆ ಒಂದು ಸಂಗತಿಯನ್ನು ಮರೆಮಾಡಿತು ಎಂದು ನನಗನ್ನಿಸುತ್ತದೆ. ಗರತಿ ಎಂದೊಡನೆ ನಮ್ಮ ಕಣ್ಣಿಗೆ ಬರುವವಳು ಗಂಡನ ಮನೆಯಲ್ಲಿ ಬಾಳುವ ಹರೆಯದ ಸೊಸೆ. ಹಾಡು ಅವಳ ಬಾಳಿನಿಂದಲೇ ಚಿಮ್ಮಿತೆಂದು ನಾವು ನಂಬಿಬಿಟ್ಟೆವು. ಅವಳಿಗೆ ಅದನ್ನು ಕೊಟ್ಟವಳು ಯಾರು, ಯಾವ ವಯಸ್ಸಿನಲ್ಲಿ, ಯಾವ ಮನೆಯಲ್ಲಿ ಕೊಟ್ಟಳು ಎಂದು ಕೇಳುವುದನ್ನು ಬಿಟ್ಟೆವು.

ಉತ್ತರ ಈ ಸೀಮೆಯ ಸಂಪ್ರದಾಯಗಳಲ್ಲೇ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಅಲ್ಲಿ, ತೊಟ್ಟಿಲಿಗೆ ಹಾಕಿ ಹೆಸರಿಡುವುದೂ ಅಲ್ಲಿ. ಹೀಗಾಗಿ ಕೂಸಿನ ಕಿವಿಗೆ ಬೀಳುವ ಮೊದಲ ಜೋಗುಳ ಬಹುಪಾಲು ತಾಯಿಯ ತಾಯಿಯದು. ಆಮೇಲೆ ಅದೇ ಮಗು ವರ್ಷಕ್ಕೊಮ್ಮೆಯಾದರೂ ಆ ಮನೆಗೆ ಮರಳುವುದು ಶ್ರಾವಣದ ಪಂಚಮಿಗೆ. ಅಣ್ಣನೋ ತಮ್ಮನೋ ಕರೆಯಲು ಹೋಗುತ್ತಾನೆ, ಅಕ್ಕತಂಗಿಯರು ಮಕ್ಕಳೊಂದಿಗೆ ಬರುತ್ತಾರೆ. ಆಯಿಗೆ ಅದು ಕೈಗೆ ಬಿಡುವಿಲ್ಲದ ವಾರ. ಜೋಳದ ಅಳ್ಳು ಹುರಿಯಬೇಕು, ಅಳ್ಳಿಟ್ಟು ಬೀಸಬೇಕು, ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಬೇಕು. ರೊಟ್ಟಿ ಹಬ್ಬದ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಜೊತೆಗೆ ಕಾಳುಪಲ್ಯ ಮಾಡಿ ಓಣಿಯ ಮನೆಮನೆಗೂ ಕೊಟ್ಟು ಬರಬೇಕು. ನಾಗಪ್ಪನಿಗೆ ಹಾಲೆರೆಯುವಾಗ ಮಕ್ಕಳ ಕೈಗೂ ಬಟ್ಟಲು ಕೊಟ್ಟು, ಇದು ಅಜ್ಜನ ಪಾಲು, ಇದು ಅವ್ವನ ಪಾಲು, ಇದು ಸೋದರಮಾವನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಎರೆಯಿಸಬೇಕು. ಬಂಧುಬಳಗವೆಲ್ಲ ಲಯವಾಗಿ ಮಗುವಿನ ಬಾಯಿಗೆ ಬರುವ ಬಗೆ ಇದು. ಇನ್ನು ಬೇವಿನ ಮರಕ್ಕೋ ಮನೆಯ ತೊಲೆಗೋ ಜೋಕಾಲಿ ಕಟ್ಟಿದರೆ, ಜೀಕಿಗೊಂದು ಪದ. ಬೀಸುವುದು, ಹುರಿಯುವುದು, ತೂಗುವುದು, ಎಲ್ಲಕ್ಕೂ ಹಾಡು ಬೇಕಾದ ವಾರವದು, ಹೇಳಿಕೊಡುವವಳೂ ಕಲಿಯುವವಳೂ ಒಂದೇ ಸೂರಿನಡಿ ಇರುವ ವಾರವೂ ಹೌದು. ಇದರ ಹಿಂದುಮುಂದಿನ ತಿಂಗಳುಗಳಲ್ಲಿ ಹುಡುಗಿಯರ ಹಾಡಿನ ಹಬ್ಬಗಳು ಸಾಲುಗಟ್ಟಿ ನಿಂತಿವೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಭಾದ್ರಪದದಲ್ಲಿ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಏಳೇ ದಿನ ಬಾಳುವ ಜೋಕುಮಾರ, ಕಾರ್ತೀಕದಲ್ಲಿ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ತರುವವರು ಅಂಬಿಗರಂಥ ಗೊತ್ತಾದ ಮನೆತನಗಳ ಹೆಂಗಸರೇ ಆದರೂ, ಕಟ್ಟೆಯ ಮೇಲೆ ಕುಳಿತು ಕೇಳುವ ಮಕ್ಕಳಿಗೆ ಆ ಹಾಡಿನ ಕತೆ ಬಿಡಿಸಿ ಹೇಳುವವಳು ಮತ್ತೆ ಆಯಿಯೇ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹೆಣ್ಣು ಬಾಳಿನ ಬಹುಭಾಗ ಕಳೆಯುವುದು ಗಂಡನ ಮನೆಯಲ್ಲಿ, ದಿನವೂ ಬೀಸುವುದು ಅತ್ತೆ, ನೆಗೆಣ್ಣಿಯರ ಜೊತೆ, ಅಂದಮೇಲೆ ಹಾಡಿನ ಶಾಲೆ ಅತ್ತೆಮನೆಯೇ ಆಗಬೇಕಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ಅತ್ತೆಮನೆಯಲ್ಲಿ ಪದಗಳ ಸಂಖ್ಯೆ ಬೆಳೆಯಿತು, ಬೇರೆ ಊರುಗಳಿಂದ ಬಂದ ಸೊಸೆಯರ ನಡುವೆ ವಿನಿಮಯವೂ ಆಯಿತು. ಆದರೆ ಪದಗಳ ವಸ್ತು ಬೇರೊಂದು ದಿಕ್ಕು ತೋರಿಸುತ್ತದೆ. ಬೀಸುವ ಪದಗಳಲ್ಲಿ ಮತ್ತೆ ಮತ್ತೆ ಬರುವುದು ತವರಿನ ಹೊಗಳಿಕೆ, ಕರೆಯಲು ಬಾರದ ಅಣ್ಣನ ಮೇಲಿನ ಮುನಿಸು, ಹಡೆದವ್ವನ ನೆನಪು, ಅತ್ತೆಯ ಬಿರುಸು. ಅತ್ತೆಯಾದವಳು ತನ್ನ ಸೊಸೆಗೆ ಇವನ್ನು ಕಲಿಸಿಕೊಟ್ಟಳೆಂದು ನಂಬುವುದು ಕಷ್ಟ. ಇದಕ್ಕಿಂತ ಮುಖ್ಯವಾದದ್ದು ಈ ಭಾಗದ ಮದುವೆಯ ರೂಢಿ. ಸೋದರಮಾವನಿಗೆ ಕೊಡುವುದು, ಸೋದರಮಾವನ ಮಗನಿಗೆ ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಲ್ಲಿ ಬಹಳ ಮನೆತನಗಳಲ್ಲಿ ನಡೆದುಬಂದದ್ದು. ಸೋದರಮಾವನ ಕೈಹಿಡಿದವಳಿಗೆ ತಾಯಿಯ ತಾಯಿಯೇ ಅತ್ತೆ. ಮಾವನ ಮಗನ ಕೈಹಿಡಿದವಳು ಹೊಕ್ಕದ್ದು ಅದೇ ಆಯಿಯ ಮನೆಯನ್ನು. ಸೋದರತ್ತೆಯ ಮಗನನ್ನು ಮದುವೆಯಾದವಳಿಗೆ ಸಿಕ್ಕ ಅತ್ತೆ, ಅವಳ ತಂದೆಯ ತಾಯಿಯಿಂದ ಹಾಡು ಕಲಿತವಳು. ಮೂರರಲ್ಲಿ ಯಾವುದಾದರೂ ಸರಿ, ಬೀಸುಗಲ್ಲಿನ ಆಚೆ ಬದಿಗೆ ಕುಳಿತಿರುವುದು ಒಬ್ಬ ಅಜ್ಜಿಯ ದನಿಯೇ. ಅತ್ತೆಮನೆ, ಆಯಿಮನೆ ಎಂಬ ಭೇದವನ್ನು ಈ ಮದುವೆಗಳೇ ಅಳಿಸಿಹಾಕಿದ್ದವು.

ಇನ್ನೊಂದು ಆಕ್ಷೇಪ ನಾಟಕದ ಕಡೆಯಿಂದ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಕಿವಿ ತಿದ್ದಿದ್ದು ರಂಗಭೂಮಿ ಅಲ್ಲವೆ? ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ವಾರಗಟ್ಟಲೆ ಕಂಪನಿ ನಾಟಕಗಳು ನಡೆಯುತ್ತವೆ. ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರು ಹುನಗುಂದ ತಾಲ್ಲೂಕಿನವರು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯ ದನಿ ಮುಂಬಯಿಯ ಚಿತ್ರರಂಗದಲ್ಲಿ ದೇಶಕ್ಕೆಲ್ಲ ಕೇಳಿಸಿತು, ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗವೇರಿದಳು. ಇಷ್ಟು ದೊಡ್ಡ ಪರಂಪರೆಯನ್ನು ಬದಿಗಿಟ್ಟು ಅಜ್ಜಿಯ ಮನೆಯನ್ನು ಶಾಲೆ ಎನ್ನುವುದು ಸರಿಯೆ? ಬದಿಗಿಡುವ ಮಾತೇ ಇಲ್ಲ. ಮಗುವನ್ನು ಬಗಲಿಗೆ ಕಟ್ಟಿಕೊಂಡು, ಬುತ್ತಿ ಹೊತ್ತು ಜಾತ್ರೆಗೆ ಹೋದವರಲ್ಲಿ ಅಜ್ಜಿಯರೂ ಇದ್ದರು. ಆದರೆ ರಂಗಗೀತೆಗೆ ಹಾರ್ಮೋನಿಯಂ ಇತ್ತು, ಮೇಷ್ಟ್ರಿದ್ದರು, ಆಮೇಲೆ ಗ್ರಾಮಫೋನ್ ತಟ್ಟೆ ಬಂತು. ಅದು ತನ್ನನ್ನು ತಾನು ಉಳಿಸಿಕೊಳ್ಳಬಲ್ಲದು. ಮನೆಯ ಪದಕ್ಕೆ ಬಾಯಿ ಬಿಟ್ಟರೆ ಬೇರೆ ಆಸರೆಯಿರಲಿಲ್ಲ. ನಾಟಕ ಕೇಳುಗರನ್ನು ಸೃಷ್ಟಿಸಿತು, ಆಯಿಯ ಮನೆ ಹಾಡುವವರನ್ನು.

ಮನೆಯ ಪದಗಳೆಲ್ಲ ದುಡಿತದ, ನೋವಿನ ಹಾಡುಗಳು, ಅವಕ್ಕೆ ಹಂಬಲಿಸುವುದೇಕೆ ಎನ್ನುವವರೂ ಇದ್ದಾರೆ. ಕೈ ಬೊಬ್ಬೆ ಬರುವಂತೆ ಬೀಸುವ ಕೆಲಸ ಹೋದದ್ದು ಒಳ್ಳೆಯದೇ ಆಯಿತು, ಅದು ಮರಳಿ ಬರಬೇಕೆಂದು ಯಾವ ಅಜ್ಜಿಯೂ ಬಯಸಲಾರಳು. ಆದರೆ ಆ ದುಡಿತದ ನಡುವೆ ಅಕ್ಷರ ಬಾರದ ಹೆಂಗಸರು ತಮ್ಮದೊಂದು ಕಾವ್ಯವನ್ನು ಕಟ್ಟಿ, ತಪ್ಪಿಲ್ಲದ ಗಣಗಳಲ್ಲಿ ನೆನಪಿಟ್ಟರು. ಆ ಕಷ್ಟವನ್ನು ಖಂಡಿಸುತ್ತಲೇ ಈ ಸಾಧನೆಯನ್ನು ಗೌರವಿಸಲು ಅಡ್ಡಿಯೇನು?

ಹಾಗಾದರೆ ಹಾಡು ನಿಂತದ್ದೇಕೆ? ಎಲ್ಲರೂ ಹಿಟ್ಟಿನ ಗಿರಣಿಯನ್ನು ದೂರುತ್ತಾರೆ. ಅರ್ಧ ಸತ್ಯವದು. ಜೋಗುಳಕ್ಕೆ ಬೀಸುಗಲ್ಲು ಬೇಕಿರಲಿಲ್ಲ, ಗುಳ್ಳವ್ವನ ಹಾಡಿಗೂ ಜೋಕಾಲಿಯ ಪದಕ್ಕೂ ಬೇಕಿರಲಿಲ್ಲ. ಅವೂ ಸೊರಗಿದವಲ್ಲ! ಇಳಕಲ್ಲಿನ, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಅಜ್ಜಿಯರು ರಾಟೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಕುಣಿಮಗ್ಗದ ಲಾಳಿಯ ಸದ್ದಿನ ಮೇಲೆ ಹಾಡಬಹುದು, ವಿದ್ಯುತ್ ಮಗ್ಗದ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳಿಸದು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನೂ ನದಿದಂಡೆಯ ಹಳ್ಳಿಗಳನ್ನೂ ನುಂಗಿದಾಗ ಎಷ್ಟೋ ತವರುಮನೆಗಳು ನಕ್ಷೆಯಿಂದಲೇ ಹೋದವು. ಪುನರ್ವಸತಿ ಕೇಂದ್ರಗಳಲ್ಲಿ ಮನೆ ಸಿಕ್ಕಿತು, ಜೋಕಾಲಿ ಕಟ್ಟುವ ಮುದಿ ಬೇವಿನ ಮರ ಸಿಗಲಿಲ್ಲ. ಬಾದಾಮಿ, ಹುನಗುಂದದ ಒಣಬೇಸಾಯದ ಮನೆಗಳು ಗೋವೆಗೆ, ಮಂಗಳೂರಿಗೆ ದುಡಿಯಲು ಹೊರಟವು.

ಇವೆಲ್ಲಕ್ಕಿಂತ ಆಳವಾಗಿ ಕೆಲಸ ಮಾಡಿದ ಕಾರಣ, ನನ್ನ ದೃಷ್ಟಿಯಲ್ಲಿ, ಶಾಲೆಯ ಪಂಚಾಂಗ. ಹೆಣ್ಣುಮಕ್ಕಳು ಶಾಲೆಗೆ ಹೋದದ್ದು ಈ ನೆಲದಲ್ಲಿ ನಡೆದ ಅತಿ ದೊಡ್ಡ ಒಳ್ಳೆಯ ಬದಲಾವಣೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಶಾಲೆಯ ದೊಡ್ಡ ರಜೆ ಬರುವುದು ಏಪ್ರಿಲ್, ಮೇ ತಿಂಗಳ ಬಿರುಬೇಸಿಗೆಯಲ್ಲಿ. ಹಾಡಿನ ಹಬ್ಬಗಳು ಇರುವುದು ಆಷಾಢದಿಂದ ಕಾರ್ತೀಕದವರೆಗೆ. ಮೊಮ್ಮಕ್ಕಳು ಇಂದಿಗೂ ಅಜ್ಜಿಯ ಊರಿಗೆ ಬರುತ್ತಾರೆ, ಬೆಂಗಳೂರಿನಿಂದ, ಪಣಜಿಯಿಂದ, ಪುಣೆಯಿಂದ ರಾತ್ರಿ ಬಸ್ಸು ಹಿಡಿದು ಬರುತ್ತಾರೆ. ಅವರು ಬಂದಾಗ ಮಾವಿನಹಣ್ಣಿದೆ, ಬಿಸಿಲಿದೆ, ಹಾಡಬೇಕಾದ ಹಬ್ಬವಿಲ್ಲ. ಹಬ್ಬ ಬಂದಾಗ ಅಜ್ಜಿ ಇದ್ದಾಳೆ, ಉಂಡಿಯ ಡಬ್ಬಿ ತುಂಬಿದೆ, ಮೊಮ್ಮಗಳು ಪರೀಕ್ಷೆ ಬರೆಯುತ್ತಿದ್ದಾಳೆ. ಪಂಚಮಿಗೆ ಒಂದು ದಿನದ ರಜೆ ಸಿಕ್ಕರೂ ಒಂದು ದಿನದಲ್ಲಿ ಪದ ನಾಲಗೆಗೆ ಕೂರುವುದಿಲ್ಲ. ಶ್ರಾವಣದ ಪದವನ್ನು ಬೇಸಿಗೆಯಲ್ಲಿ ಹೇಳಿಕೊಡಬಹುದಲ್ಲ ಎಂದು ಕೇಳಬಹುದು. ಕಾಲವಿಲ್ಲದೆ, ಕೈಯಲ್ಲಿ ಕೆಲಸವಿಲ್ಲದೆ ಹಾಡೆಂದರೆ ಅಜ್ಜಿಯರು ಒಂದೆರಡು ಸಾಲು ಅಂದು ಸುಮ್ಮನಾಗುತ್ತಾರೆ. ಜೋಕಾಲಿ ತೂಗದೆ ಜೋಕಾಲಿಯ ಪದ ನೆನಪಿಗೆ ಬರುವುದಾದರೂ ಎಲ್ಲಿಂದ?

ಪುಣೆಯ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವ್ಯಾಂ ಅವರು ಮರಾಠಿ ಹೆಂಗಸರ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಪದಗಳನ್ನು, ಹಾಡಿದವರ ಹೆಸರು, ಊರುಗಳೊಡನೆ ದಾಖಲಿಸಿದರು. ಕೃಷ್ಣೆಯ ಈಚೆ ದಂಡೆಯ ಅಜ್ಜಿಯರಿಗೂ ಅಂಥ ಕೆಲಸ ಆಗಬೇಕು, ಬೇಗ ಆಗಬೇಕು. ದಾಖಲೆಯಾದ ಮಾತ್ರಕ್ಕೆ ಮುಂದಿನವರು ಹಾಡುತ್ತಾರೆಂಬ ಭರವಸೆ ನನಗಿಲ್ಲ. ಅದಕ್ಕೆ ಮತ್ತೆ ಆ ಮೂರು ಕೂಡಬೇಕು, ಅಜ್ಜಿ, ಮೊಮ್ಮಗು, ಹಬ್ಬದ ಕೆಲಸ. ಇಂದಿನ ಪಂಚಾಂಗದಲ್ಲಿ ಅಂಥ ಸಂದು ಒಂದೇ ಉಳಿದಿದೆ. ದಸರೆಯ ರಜೆಯ ಆಸುಪಾಸಿನಲ್ಲೇ, ವಿಜಯದಶಮಿ ಕಳೆದು ಐದು ದಿನಕ್ಕೆ, ಶೀಗಿ ಹುಣ್ಣಿಮೆ ಬರುತ್ತದೆ. ಅಂದು ಹುನಗುಂದದ ಎರೆಹೊಲಗಳಿಗೆ ಹೆಂಗಸರು ಬುತ್ತಿ ಹೊತ್ತು ಹೋಗಿ, ಬನ್ನಿಯ ಬುಡದಲ್ಲಿ ಪೂಜೆ ಮಾಡಿ, ಭೂತಾಯಿಗೆ ಚರಗ ಚೆಲ್ಲುತ್ತಾರೆ. ರಜೆಗೆ ಬಂದ ಮಕ್ಕಳು ಇನ್ನೂ ಊರಲ್ಲೇ ಇದ್ದರೆ ಅವರೂ ಹಿಂದೆ ಹಿಂದೆ ಹೊಲ ಸುತ್ತುತ್ತಾರೆ, ಅಜ್ಜಿ ಒಂದು ಸಾಲು ಎತ್ತಿಕೊಟ್ಟರೆ ದನಿಗೂಡಿಸುತ್ತಾರೆ.